ಹಳ್ಳದ ಮರಳಲ್ಲಿ ಆಡಿನ ಗೊರಸು

ಹೊಸ ಮೇಡಂ ಮೇಲೆ ಚಿಕ್ಕನರಸಯ್ಯನಿಗೆ ಅನುಮಾನ ಹುಟ್ಟಿದ್ದು, ಆಕೆ ಮಕ್ಕಳಿಗೆ ಏನನ್ನೂ ಹೇಳಿಕೊಡದೆ ಬರೀ ಕೇಳುತ್ತಾರೆ ಎಂಬ ಒಂದೇ ಕಾರಣಕ್ಕೆ.

ಮೇಡಂ ಹೆಸರು ಸಂಘಮಿತ್ರಾ. ಮಧುಗಿರಿ ಕಡೆಯವರು. ಬುಕ್ಕಾಪಟ್ಟಣದಾಚೆಯ ಆ ಊರಿನ ಸರ್ಕಾರಿ ಶಾಲೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿಯಿತೆಂದರೆ ಆರು, ಏಳನೇ ತರಗತಿಯ ಮಕ್ಕಳನ್ನು ಹಿಂದೆ ಹಾಕಿಕೊಂಡು ಊರಾಚೆಯ ಹಳ್ಳಕ್ಕೆ ಇಳಿಯುತ್ತಿದ್ದರು. ಹಳ್ಳದ ಆಚೆ ದಡದಿಂದ ಕುರುಚಲು ಕಾಡು ಶುರುವಾಗುತ್ತದೆ. ತಂಗಡಿ, ಬಂದ್ರೆ, ಕಾರೆಮುಳ್ಳು, ನಡುನಡುವೆ ಬೋಳು ಬಂಡೆ. ಆ ಕಾಡು ಕಾಯುವ ವಾಚರು ಚಿಕ್ಕನರಸಯ್ಯ. ಮೈಮೇಲೆ ಖಾಕಿ ಅಂಗಿ ಇದ್ದರೂ ದಿನಗೂಲಿಯವನೇ. ಆದರೆ ಯಾವ ಪೊದೆಯಲ್ಲಿ ಮೊಲ ಮಲಗುತ್ತದೆ, ಚಿಂಕಾರ ಹುಲ್ಲೆಗಳು ಯಾವ ಹೊತ್ತಿಗೆ ಯಾವ ದಿಬ್ಬ ಹತ್ತಿ ನಿಲ್ಲುತ್ತವೆ ಎಂಬುದೆಲ್ಲ ಅವನಿಗೆ ತನ್ನ ಮನೆಯ ಅಟ್ಟದಷ್ಟೇ ಪರಿಚಯ.

ದಸರಾ ಸಮಯದಲ್ಲಿ ಒಂದು ಬೆಳಿಗ್ಗೆ ಅವನು ಬಂಡೆ ಸಂದಿನ ಒರತೆಯ ಕಡೆ ಹೋಗಿದ್ದ. ಸುತ್ತಲಿನ ಕಟ್ಟೆಗಳೆಲ್ಲ ಬತ್ತಿದರೂ ಆ ಒರತೆಯಲ್ಲಿ ಬೊಗಸೆ ನೀರು ಇದ್ದೇ ಇರುತ್ತದೆ. ಅದು ಇರುವ ಜಾಗ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿ ಒಂದು ಚಿಂಕಾರದ ಮರಿ ತಂತಿಯ ಉರುಳಿಗೆ ಕತ್ತು ಸಿಕ್ಕಿ ಸತ್ತು ಬಿದ್ದಿತ್ತು. ಒದ್ದಾಡಿದ ಜಾಗದಲ್ಲಿ ನೆಲ ಕೆತ್ತಿಹೋಗಿತ್ತು. ಅದನ್ನು ಹೆಗಲ ಮೇಲೆ ಹಾಕಿಕೊಂಡು ಬರುವಾಗ ಅದರ ಹಗುರಕ್ಕೇ ಅವನ ಕಣ್ಣು ತುಂಬಿಬಂತು.

ಫಾರೆಸ್ಟರ್ ನಂದೀಶ್ವರಯ್ಯ ಜೀಪಿನಲ್ಲಿ ಬಂದು ನೋಡಿ, "ಇದು ಹೊರಗಿನೋರ ಕೆಲ್ಸ ಕಣಯ್ಯ. ಊರೋರಿಗೆ ಇಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಹೊಸಬರು ಯಾರಾದ್ರೂ ಸುಳಿದಾಡ್ತಾವ್ರಾ, ಒಂದು ಕಣ್ಣಿಟ್ಟಿರು" ಎಂದು ಹೇಳಿ ಹೋದರು.

ಹೊಸಬರು ಎಂದರೆ ಯಾರು? ಚಿಕ್ಕನರಸಯ್ಯ ಯೋಚಿಸಿದ. ಹೊಸಬರೆಂದು ಆ ಊರಲ್ಲಿ ಇದ್ದದ್ದು ಮೇಡಂ ಒಬ್ಬರೇ.

ಅಂದಿನಿಂದ ಶನಿವಾರ ಬಂದರೆ ಅವನು ಹಳ್ಳದ ಆಚೆ ದಡದ ಪೊದೆಯಲ್ಲಿ ಕೂರತೊಡಗಿದ. ಮೊದಲ ವಾರವೇ ರೇವಂತ್ ಎಂಬ ಹುಡುಗ ಮರಳಲ್ಲಿ ಮೂಡಿದ ಹೆಜ್ಜೆ ತೋರಿಸಿ, "ಮಿಸ್, ಚಿರತೆ!" ಎಂದು ಕೂಗಿದ.

ಅದು ನಾಯಿ ಹೆಜ್ಜೆ. ಉಗುರಿನ ಗುರುತು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ. ಇಷ್ಟನ್ನಾದರೂ ಮೇಡಂ ಹೇಳಿಕೊಡುತ್ತಾರೆ ಎಂದುಕೊಂಡು ಚಿಕ್ಕನರಸಯ್ಯ ಕಾದ.

"ಚಿರತೆನಾ? ಯಾಕೆ ಹಂಗನ್ನಿಸ್ತು?" ಎಂದರು ಮೇಡಂ.

"ದಪ್ಪ ಐತೆ ಮಿಸ್."

"ದಪ್ಪ ಇದೆ, ನಿಜ. ನಿಮ್ಮ ಬೀದಿ ನಾಯಿ ಹೆಜ್ಜೆ ಎಷ್ಟು ದಪ್ಪ ಇರುತ್ತೆ? ಮುಂದಿನ ವಾರ ನೋಡ್ಕೊಂಡು ಬನ್ನಿ."

ಅಷ್ಟೇ. ಸರಿ ಎನ್ನಲಿಲ್ಲ, ತಪ್ಪೆನ್ನಲಿಲ್ಲ. ಎದ್ದು ಹೋಗಿ ಹುಡುಗನ ತಲೆಗೊಂದು ಮೊಟಕಿ ಹೇಳಿಬರಬೇಕು ಎನ್ನುವಷ್ಟು ಚಿಕ್ಕನರಸಯ್ಯನ ನಾಲಗೆ ತುರಿಸಿತು. ಆದರೆ ಮೇಡಂ ಮುಂದೆ ಕೇಳಿದ ಮಾತಿಗೆ ಅವನು ಕಿವಿ ನಿಮಿರಿಸಿದ.

"ಸರಿ, ಚಿಂಕಾರಗಳು ನೀರು ಕುಡಿಯೋಕೆ ಎಲ್ಲಿಗೆ ಬರ್ತಾವೆ? ಹುಡುಕಿ ಹೇಳ್ತೀರಾ?"

ತಿಳಿದುಕೊಳ್ಳಲು ಬಂದವರು ತಾನೇ ಹೀಗೆ ಕೇಳುವುದು? ಕಲಿಸಲು ಬಂದವರಾದರೆ ಹೇಳುತ್ತಿದ್ದರು. ಪಾಠದ ನೆಪದಲ್ಲಿ ಊರ ಮಕ್ಕಳ ಬಾಯಿಂದ ಕಾಡಿನ ಗುಟ್ಟು ಬಿಡಿಸುತ್ತಿದ್ದಾಳೆ ಈಕೆ ಎಂದು ಅವನು ತೀರ್ಮಾನಿಸಿಬಿಟ್ಟ.

ಆ ಮಕ್ಕಳಲ್ಲಿ ಅವನ ಮೊಮ್ಮಗಳು ವೇದಾವತಿಯೂ ಇದ್ದಳು. ಆರನೇ ತರಗತಿ. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದ.

"ನೀರಿನ ಜಾಗ ಎಲ್ಲಂತ ಹೇಳ್ದೆ ವೇದ, ನಿಮ್ ಮಿಸ್ಸಿಗೆ?"

"ಆಲದ ಮರದ ಹಿಂದ್ಲ ಕಟ್ಟೆ ಅಂದಿದ್ದೆ ತಾತ. ಆಮೇಲೆ ಓಗಿ ನೋಡಿದ್ರೆ ಅದು ಬತ್ತೋಗಿತ್ತು. ನಂದು ತಪ್ಪಾಯ್ತು ಮಿಸ್ ಅಂದೆ."

"ಬೈದ್ರಾ?"

"ಇಲ್ಲ. ಬತ್ತೈತೆ ಅಂತ ಹೆಂಗೆ ಗೊತ್ತಾಯ್ತು ಅಂದ್ರು. ನಾನೇ ಓಗಿ ನೋಡ್ಬಂದೆ ಅಂದೆ. ಭೇಷ್ ಅಂದ್ರು!"

"ತಪ್ಪು ಹೇಳಿದ್ದಕ್ಕೆ ಭೇಷಾ?"

ಒಳಗೆ ಮುದ್ದೆ ತೊಳಸುತ್ತಿದ್ದ ಹೆಂಡತಿ ಸಣ್ಣಕ್ಕ ಅಲ್ಲಿಂದಲೇ ಹೇಳಿದಳು: "ಹೋದ್ವರ್ಸ ಸ್ಕೂಲು ಅಂದ್ರೆ ಹೊಟ್ಟೆನೋವು ಅಂತ ಮುದುರ್ಕೊಂಡು ಮನಗ್ತಿದ್ಲು. ಲೆಕ್ಕ ತಪ್ಪಾದ್ರೆ ಎಲ್ರೂ ನಗ್ತಾರೆ ಅಂತ ಅಳೋಳು. ಈಗ ಶನಿವಾರ ಆದ್ರೆ ಕುಣೀತಾಳೆ. ಆ ಮೇಡಮ್ಮೋರು ನಿಂಗೇನ್ ಮಾಡವ್ರೆ? ಸುಮ್ಕೆ ಬುಡು."

ಸುಮ್ಮನೆ ಬಿಡುವುದು ಚಿಕ್ಕನರಸಯ್ಯನಿಂದ ಆಗಲಿಲ್ಲ. ಮಾರನೆಯ ದಿನ ಚಹಾದಂಗಡಿಯಲ್ಲಿ ಗೆಳೆಯ ರಂಗರಾಜುವಿನ ಮುಂದೆ ಎಲ್ಲ ಹೇಳಿಕೊಂಡ. ಕಾಡಂಚಿನಲ್ಲಿ ರಂಗರಾಜುವಿನ ಕಡಲೆಕಾಯಿ ಹೊಲ. ಅವನು ಚಿಕ್ಕನರಸಯ್ಯನಿಗಿಂತ ಸ್ವಲ್ಪ ಸಣ್ಣವನು. ಇಬ್ಬರೂ ದಿನವೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವವರು.

"ಆಯಮ್ಮನ ಸ್ಕೂಟರ್ ಡಿಕ್ಕೀಲಿ ಏನೈತೋ ಯಾರಿಗ್ಗೊತ್ತಣ್ಣ?" ಎಂದ ರಂಗರಾಜು, ಲೋಟದ ಒಳಗೆ ನೋಡುತ್ತ. "ನೀನು ಹೇಳೋದು ಸರಿಯಾಗೇ ಐತೆ. ಬುಡಬ್ಯಾಡ."

ಆ ಮಾತು ಚಿಕ್ಕನರಸಯ್ಯನಿಗೆ ಬಲ ಕೊಟ್ಟಿತು. ಕೈಯಲ್ಲಿ ಸಾಕ್ಷಿ ಇಲ್ಲದೆ ಮೇಡಂ ಮೇಲೆ ಬಾಯಿ ಬಿಟ್ಟರೆ ಊರೇ ಉಗಿಯುತ್ತದೆ. ಅದಕ್ಕೆ ಉಪಾಯ ಹೂಡಿದ. ಶುಕ್ರವಾರ ನಸುಕಿನಲ್ಲಿ ಮನೆಯ ಆಡು ಕೆಂಪಿಯನ್ನು ಹಗ್ಗ ಹಿಡಿದು ಹಳ್ಳಕ್ಕೆ ಕರೆತಂದ. ಒರತೆಗೂ ಅದಕ್ಕೂ ಸಂಬಂಧವೇ ಇಲ್ಲದ ಒಂದು ತಿರುವಿನಲ್ಲಿ, ಹಸಿ ಮರಳಿನ ಮೇಲೆ ಅತ್ತಿಂದಿತ್ತ ಓಡಾಡಿಸಿದ. ಕೊಟ್ಟಿಗೆಯಿಂದ ತಂದಿದ್ದ ಹಿಕ್ಕೆಯನ್ನು ಒಂದು ಕಡೆ ಗುಡ್ಡೆಯಾಗಿ ಸುರಿದ. ಚಿಂಕಾರ ಹಿಕ್ಕೆ ಹಾಕುವುದು ಹಾಗೆ, ಒಂದೇ ಜಾಗದಲ್ಲಿ ಗುಡ್ಡೆ. ಆಮೇಲೆ ಬಂದ್ರೆ ಸೊಪ್ಪಿನಿಂದ ತನ್ನ ಹೆಜ್ಜೆಗಳನ್ನು ಗುಡಿಸಿ ಹಾಕಿದ. ಮಕ್ಕಳು ಇದನ್ನು ನೋಡಿ ಚಿಂಕಾರದ ದಾರಿ ಎನ್ನುತ್ತಾರೆ. ಮೇಡಂ ನಂಬುತ್ತಾಳೆ. ಎರಡು ದಿನದಲ್ಲಿ ಇಲ್ಲಿ ಉರುಳು ಬೀಳುತ್ತದೆ. ಆಗ ಕೈಯಾರೆ ಹಿಡಿಯುವುದು.

ಶನಿವಾರ ಎಲ್ಲ ಅವನು ಎಣಿಸಿದಂತೆಯೇ ಆಯಿತು. ತಿರುವಿಗೆ ಬಂದ ಮಕ್ಕಳು ಹೋ ಎಂದು ಕೂಗಿಕೊಂಡರು.

"ಗೊರಸು! ಮಿಸ್, ಚಿಂಕಾರದ ಗೊರಸು!"

"ಹಿಕ್ಕೆನೂ ಐತೆ! ಗುಡ್ಡೆ ಗುಡ್ಡೆ!"

ಮೇಡಂ ಮೊಣಕಾಲೂರಿ ಕೂತರು. "ಯಾಕೆ ಚಿಂಕಾರ ಅನ್ನಿಸ್ತು? ಒಬ್ಬೊಬ್ಬರೇ ಹೇಳಿ."

ಒಬ್ಬೊಬ್ಬರು ಒಂದೊಂದು ಹೇಳಿದರು. ರೇವಂತ್ ಮಾತ್ರ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ, "ಗೊರಸು ಹಸಿ ಐತೆ, ಹಿಕ್ಕೆ ಒಣಗೈತೆ. ಹೊಂದ್ತಿಲ್ಲ ಮಿಸ್" ಎಂದು ಗೊಣಗಿದ. ಹುಡುಗ ಚುರುಕಾಗಿದ್ದಾನಲ್ಲ ಎಂದು ಪೊದೆಯೊಳಗಿದ್ದ ಚಿಕ್ಕನರಸಯ್ಯನಿಗೆ ಸಣ್ಣಗೆ ಕಸಿವಿಸಿಯಾಯಿತು. ಚಿರತೆ ಎಂದು ಕೂಗಿದವನು ಇವನೇ ತಾನೆ?

ಅಷ್ಟರಲ್ಲಿ ಅವನ ಕಣ್ಣು ವೇದಳ ಮೇಲೆ ಬಿತ್ತು. ಅವಳು ಸ್ವಲ್ಪ ದೂರದಲ್ಲಿ ಒಂದೇ ಒಂದು ಗೊರಸಿನ ಗುರುತಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೆಂಪಿಯ ಮುಂದಿನ ಎಡಗಾಲಿನ ಗೊರಸು ಒಂದು ಕಡೆ ಬೆಳೆದು ಒಳಕ್ಕೆ ಬಾಗಿದೆ. ಅದಕ್ಕೆ ದಿನಾ ಬೇವಿನೆಣ್ಣೆ ಹಚ್ಚುವವಳೇ ವೇದ. ಚಿಕ್ಕನರಸಯ್ಯನಿಗೆ ಅದು ಹೊಳೆದೇ ಇರಲಿಲ್ಲ. ಹುಡುಗಿ ಆ ಬಾಗಿದ ಗುರುತನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ಸುತ್ತಲ ಪೊದೆಗಳನ್ನು ನೋಡಿದಳು. ಅವಳ ಮುಖದಲ್ಲಿ ಇದ್ದದ್ದು ಗೆಲುವಲ್ಲ, ಭಯ.

"ವೇದಾ, ನೀನೇನಂತೀಯ?" ಮೇಡಂ ಕೇಳಿದರು.

ವೇದ ಎದ್ದು ನಿಂತಳು. ಚಪ್ಪಲಿ ಕಾಲಿನಿಂದ ಆ ಗುರುತನ್ನು ಅಳಿಸಿ, "ಚಿಂಕಾರಾನೇ ಮಿಸ್" ಎಂದಳು.

"ಯಾಕೆ ಹಂಗನ್ನಿಸ್ತು?"

"ಸುಮ್ನೆ ಅನ್ನಿಸ್ತು."

ಪೊದೆಯೊಳಗಿದ್ದ ಚಿಕ್ಕನರಸಯ್ಯನಿಗೆ ಎಲ್ಲ ಅರ್ಥವಾಯಿತು. ಬತ್ತಿದ ಕಟ್ಟೆಯ ವಿಷಯದಲ್ಲಿ ನಂದು ತಪ್ಪಾಯ್ತು ಎಂದು ನಗುನಗುತ್ತ ಹೇಳಿದ್ದ ಹುಡುಗಿ, ಈಗ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾಳೆ. ತಾತ ಏನೋ ಕೆಟ್ಟ ಕೆಲಸ ಮಾಡಿದ್ದಾನೆ, ಅದನ್ನು ಮುಚ್ಚಬೇಕು ಎಂದುಕೊಂಡಿದ್ದಾಳೆ. ಉರುಳು ಹಾಕುವವನು ತಾತನೇ ಇರಬಹುದು ಎಂದೂ ಆ ಪುಟ್ಟ ತಲೆಯೊಳಗೆ ಹಾದುಹೋಗಿರಬಹುದು. ಆ ಯೋಚನೆ ಬಂದ ಮೇಲೆ ಅವನಿಗೆ ಅಲ್ಲಿ ಕೂತಿರಲು ಆಗಲಿಲ್ಲ. ಮುಳ್ಳು ಅಂಗಿ ಹಿಡಿದೆಳೆದರೂ ಬಿಡಿಸಿಕೊಂಡು ಎದ್ದು, ಹಳ್ಳಕ್ಕಿಳಿದ.

ಮಕ್ಕಳು ಚೀರಿ ಮೇಡಂ ಹಿಂದೆ ಸರಿದರು. ಮೇಡಂ ಎರಡೂ ಕೈ ಅಗಲಿಸಿ ಮಕ್ಕಳಿಗೆ ಅಡ್ಡ ನಿಂತರು.

"ಅದು ಚಿಂಕಾರ ಅಲ್ಲ," ಎಂದ ಚಿಕ್ಕನರಸಯ್ಯ. "ನಮ್ಮನೆ ಆಡು. ನಾನೇ ಓಡಾಡ್ಸಿದ್ದು."

ರೇವಂತನ ಮುಖ ಅರಳಿತು. "ನಮಗೆ ಟೆಸ್ಟ್ ಇಟ್ಟಿದ್ರಾ ತಾತ? ಅದಕ್ಕೇ ಹಿಕ್ಕೆ ಒಣಗಿತ್ತಾ?"

ಹ್ಞೂ ಎಂದರೆ ಮುಗಿಯುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಮೇಡಂ ನಗುತ್ತಿದ್ದರು, ಯಾರ ಮಾನವೂ ಹೋಗುತ್ತಿರಲಿಲ್ಲ. ವೇದ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತಲೆಯಾಡಿಸಲಿ ಎಂದು ಅವಳ ಕಣ್ಣು ಬೇಡುತ್ತಿದ್ದುದು ಅವನಿಗೆ ಚೆನ್ನಾಗಿಯೇ ತಿಳಿಯಿತು.

"ಟೆಸ್ಟಲ್ಲ ಕಣಪ್ಪ," ಎಂದ. "ಮರಿ ಸತ್ತಿದ್ದು ನಿಮಗೂ ಗೊತ್ತಲ್ಲ. ಆ ಉರುಳು ಇಕ್ಕಿಸಿದ್ದು ನಿಮ್ ಮಿಸ್ಸೇ ಅಂದ್ಕೊಂಡೆ. ಇವ್ರನ್ನ ಹಿಡೀಬೇಕಂತ ಈ ಆಟ ಹೂಡ್ದೆ. ನಂದು ತಪ್ಪಾಯ್ತು."

"ನಾನಾ?" ಎಂದರು ಮೇಡಂ. ಅವರ ಕಿವಿ ಕೆಂಪಾಗಿತ್ತು. ತಡೆದುಕೊಂಡು ಹೇಳಿದರು: "ವಾರ ವಾರ ಈ ಪೊದೆಯಲ್ಲಿ ಯಾರೋ ಕೂತಿರ್ತಾರೆ ಅಂತ ನನಗೂ ಗೊತ್ತಿತ್ತು. ಖಾಕಿ ಕಾಣ್ತಿತ್ತು. ಕಾಯೋರೇ ಹಿಂಗೆ ಕದ್ದು ಕೂತ್ರೆ ಅಂತ ನಾನು ನಿಮ್ಮನ್ನೇ ಅನುಮಾನಿಸಿದ್ದೆ. ಮಕ್ಕಳನ್ನ ಕರ್ಕೊಂಡು ಬರೋಕೆ ಭಯ ಆಗ್ತಿತ್ತು."

ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತರು. ಗುಂಪಿನಲ್ಲೇ ಚಿಕ್ಕವಳಾದ ಒಂದು ಹುಡುಗಿ ಮುಂದೆ ಬಂದು, ತಮಾಷೆಯ ಸುಳಿವೂ ಇಲ್ಲದೆ, "ಯಾಕೆ ಹಂಗನ್ನಿಸ್ತು ತಾತ?" ಎಂದಳು.

ಚಿಕ್ಕನರಸಯ್ಯ ಮರಳಿನ ಮೇಲೆ ಕೂತ. ಮಕ್ಕಳು ಸುತ್ತ ಕೂತರು. ಅವನು ಒಂದೊಂದೇ ಹೇಳಿದ. ಮೇಡಂ ಊರಿಗೆ ಹೊಸಬರು. ನೀರಿನ ಜಾಗ ಕೇಳಿದರು. ಸರಿ ಉತ್ತರ ಯಾವತ್ತೂ ಹೇಳಲಿಲ್ಲ.

"ಹೊಸಬರು ಅನ್ನೋದು ಸರಿ," ಎಂದ ರೇವಂತ್, ಲೆಕ್ಕ ನೋಡುವವನಂತೆ. "ಆದ್ರೆ ಮರಿ ಸತ್ತಿದ್ದು ದಸರಾ ರಜದಾಗೆ. ಮಿಸ್ ಊರಲ್ಲೇ ಇರ್ಲಿಲ್ಲ. ಮಧುಗಿರಿಗೆ ಓಗಿದ್ರು."

ಹೌದಲ್ಲ! ಶಾಲೆಗೆ ಬೀಗ ಬಿದ್ದಿದ್ದನ್ನು ಚಿಕ್ಕನರಸಯ್ಯ ದಿನಾ ನೋಡಿದ್ದ. "ಅದು ನನಗೆ ಹೊಳೀಲೇ ಇಲ್ಲ," ಎಂದ. ಹುಡುಗನ ಎದುರು ಹಾಗೆ ಹೇಳಲು ಅವನಿಗೆ ನಾಚಿಕೆಯಾಯಿತು. ಆದರೆ ಯಾರೂ ನಗಲಿಲ್ಲ. ಅವನ ತಪ್ಪೂ ಒಂದು ಹೆಜ್ಜೆ ಗುರುತೇ ಎಂಬಂತೆ ಎಲ್ಲರೂ ಅದನ್ನೇ ನೋಡುತ್ತಿದ್ದರು.

ವೇದ ಮಾತ್ರ ದೂರ ನಿಂತಿದ್ದಳು. ಮೇಡಂ ಅವಳನ್ನು ಹತ್ತಿರ ಕರೆದರು. "ನಿನಗೆ ಗೊತ್ತಿತ್ತು, ಅಲ್ವಾ?"

ಹುಡುಗಿ ಬಿಕ್ಕಿದಳು. "ತಪ್ಪು ಹೇಳಿದ್ರೆ ನೀವು ಬೈಯಲ್ಲ ಅಂತ..."

"ಬೈಯಲ್ಲ. ಆದ್ರೆ ಇದು ತಪ್ಪು ಹೇಳಿದ್ದಲ್ಲ ಕಣಮ್ಮ, ಮುಚ್ಚಿಟ್ಟಿದ್ದು. ಕಟ್ಟೆ ವಿಷಯ ತಪ್ಪಾದಾಗ ನೀನೇ ಹೋಗಿ ನೋಡ್ಬಂದೆ, ಮುಂದಿನ ದಾರಿ ಸಿಕ್ತು. ಇದನ್ನ ಕಾಲಲ್ಲಿ ಅಳಿಸಿಬಿಟ್ರೆ ಎಲ್ಲಿಗೆ ಹೋಗೋದು ಹೇಳು?"

"ಅವಳು ನನಗೋಸ್ಕರ ಮಾಡಿದ್ದು. ಬೈಬ್ಯಾಡ್ರಿ," ಎಂದ ಚಿಕ್ಕನರಸಯ್ಯ.

ವೇದ ಮೂಗು ಒರೆಸಿಕೊಂಡು ತಾತನ ಪಕ್ಕಕ್ಕೆ ಬಂದು ಕೂತಳು. ಆಮೇಲೆ ಕೇಳಿದಳು: "ತಾತ, ಮರಿ ಸತ್ತ ಆ ಒರತೆ ಇರೋ ಜಾಗ ನಮಗೂ ಗೊತ್ತಿಲ್ಲ, ಮಿಸ್ಸಿಗೂ ಗೊತ್ತಿಲ್ಲ. ಮತ್ತೆ ಯಾರಿಗೆ ಗೊತ್ತು?"

"ನಂಗೆ ಗೊತ್ತು. ಫಾರೆಸ್ಟರ್ ಸಾಹೇಬರಿಗೆ ಗೊತ್ತು. ಮತ್ತೆ..." ಎಂದವನ ಮಾತು ಅಲ್ಲಿಗೇ ನಿಂತಿತು.

ಮಳೆಗಾಲದ ಕೊನೆಯಲ್ಲಿ ಒಂದು ದಿನ, ಚಹಾದ ಬೆಂಚಿನ ಮೇಲೆ, ಹೆಮ್ಮೆ ತಡೆಯಲಾರದೆ ಅವನು ಒಬ್ಬನಿಗೆ ಹೇಳಿದ್ದ. ಆ ಒಬ್ಬನನ್ನು ಇಷ್ಟು ದಿನ ಎಣಿಕೆಗೇ ತಂದಿರಲಿಲ್ಲ. ತನ್ನವನು ಎಂದು ಬಿಟ್ಟುಬಿಟ್ಟಿದ್ದ.

ಆ ಸಂಜೆ ಅವನಿಗೆ ಊಟ ಸೇರಲಿಲ್ಲ. ಒಮ್ಮೆ ಅನುಮಾನ ಪಟ್ಟು ಕೆಟ್ಟಿದ್ದಾಗಿದೆ, ಮತ್ತೆ ಅದೇ ಕೆಲಸವೇ ಎಂದು ಒಂದು ಮನಸ್ಸು. ನೋಡದೆ ಬಿಟ್ಟರೆ ಅದೂ ಕಾಲಲ್ಲಿ ಅಳಿಸಿದಂತೆಯೇ ಎಂದು ಇನ್ನೊಂದು. ಬೆಳಿಗ್ಗೆ ನೇರ ರಂಗರಾಜುವಿನ ಹೊಲಕ್ಕೆ ಹೋದ. ಈ ಸಲ ಪೊದೆಯಲ್ಲಿ ಕೂರಲಿಲ್ಲ, ಉಪಾಯ ಹೂಡಲಿಲ್ಲ. ಬದುವಿನ ಮೇಲೆ ನಿಂತು ಕೇಳಿಯೇ ಬಿಟ್ಟ.

"ಒರತೆ ತಾವ ಉರುಳು ಇಕ್ಕಿದ್ದು ನೀನೇನ್ಲಾ?"

ರಂಗರಾಜು ಬಳ್ಳಿ ಕೀಳುತ್ತಿದ್ದವನು ನೆಟ್ಟಗಾದ. "ಮೇಡಮ್ಮೋರ್ನ ಬುಟ್ಟು ಈಗ ನನ್ ಮ್ಯಾಕೆ ಬಂದ್ಯಾ? ನಾನು ಅಂಗೆ ಕಾಣ್ತೀನಾ ನಿನ್ ಕಣ್ಣಿಗೆ?"

"ಕಾಣಲ್ಲ. ಅದಕ್ಕೇ ಕೇಳ್ತಾವ್ನಿ. ಆ ಜಾಗಾನ ನಾನು ಬಾಯಿಬುಟ್ಟಿದ್ದು ನಿನ್ ಒಬ್ಬನ ಹತ್ರಾನೇ. ಅಲ್ಲ ಅನ್ನು, ಹೊಂಟೋಯ್ತೀನಿ."

ಅಲ್ಲ ಎನ್ನಲು ರಂಗರಾಜು ಬಾಯಿ ತೆರೆದ. ಆದರೆ ಕೈಯಲ್ಲಿದ್ದ ಬಳ್ಳಿಯ ಮಣ್ಣು ಕೊಡವುತ್ತ ಬದುವಿನ ಮೇಲೆ ಕುಸಿದು ಕೂತ.

"ಹಂದಿಗೆ ಇಕ್ಕಿದ್ದು ಕಣಣ್ಣ. ಹೊಲಾನೆಲ್ಲ ಬಗೆದಾಕ್ತಿದ್ವು. ನೀರಿಗೆ ಅಲ್ಲಿಗೇ ಬರ್ತವೆ ಅಂದ್ಕೊಂಡೆ. ಮರಿ ಬೀಳ್ತದೆ ಅಂತ ಯಾರಿಗ್ಗೊತ್ತಿತ್ತು?"

"ಮತ್ತೆ ಮೇಡಂ ಮ್ಯಾಲೆ ಯಾಕಲಾ ಹಾಕ್ದೆ?"

"ನಾನೇನ್ ಹಾಕ್ಲಿಲ್ಲ. ನೀನೇ ಆ ಕಡೆ ನೋಡ್ತಿದ್ದೆ. ನಿನ್ ತಲೆ ಹಿಡ್ದು ಈ ಕಡೆ ತಿರುಗಿಸ್ಬೇಕಿತ್ತಾ?"

ಚಿಕ್ಕನರಸಯ್ಯ ಬದುವಿನಿಂದಿಳಿದು ಹೊರಟ.

ಅವನು ನಂದೀಶ್ವರಯ್ಯನವರ ಮುಂದೆ ರಂಗರಾಜುವಿನದನ್ನೂ ಹೇಳಿದ, ಜಾಗ ಬಾಯಿಬಿಟ್ಟ ತನ್ನದನ್ನೂ ಹೇಳಿದ. ರಂಗರಾಜುವಿನ ಮೇಲೆ ಕೇಸಾಯಿತು. ಅವನು ಕೋರ್ಟಿಗೆ ಅಲೆದ. ಚಿಕ್ಕನರಸಯ್ಯನಿಗೆ ಸಾಹೇಬರು ಎಲ್ಲರೆದುರು ಛೀಮಾರಿ ಹಾಕಿದರು. ಕೆಲಸ ಹೋಯಿತೆಂದೇ ಅವನು ಹೆದರಿದ್ದ, ಹೋಗಲಿಲ್ಲ. ಚಹಾದ ಬೆಂಚಿನ ಮೇಲೆ ಇಬ್ಬರೂ ಎರಡು ತುದಿಗೆ ಕೂರತೊಡಗಿದರು.

ಮೇಡಂ ಕೂಡ ತಕ್ಷಣ ಕರಗಲಿಲ್ಲ. ಎರಡು ಶನಿವಾರ ಹಳ್ಳಕ್ಕೆ ಬರಲೇ ಇಲ್ಲ. ಮೂರನೆಯ ವಾರ ವೇದಳ ಕೈಯಲ್ಲಿ ಹೇಳಿಕಳಿಸಿದರು: ಪೊದೆಯಲ್ಲಿ ಕೂರುವುದಾದರೆ ಬೇಡ, ಜೊತೆಗೆ ಬರುವುದಾದರೆ ಬನ್ನಿ. ಚಿಕ್ಕನರಸಯ್ಯ ಅಂಗಿ ಒಗೆಸಿಕೊಂಡು ಹೋದ. ಮೊದಮೊದಲು ಮಕ್ಕಳು ತಪ್ಪು ಹೇಳಿದಾಗಲೆಲ್ಲ ಅವನ ಬಾಯಿಗೆ ಉತ್ತರ ಬಂದುಬಿಡುತ್ತಿತ್ತು. ಮೇಡಂ ತಿರುಗಿ ಒಂದು ನೋಟ ನೋಡಿದರೆ ನುಂಗಿಕೊಳ್ಳುತ್ತಿದ್ದ. ಉತ್ತರ ನುಂಗುವುದು ಇಷ್ಟು ಕಷ್ಟ ಎಂದು ಅವನಿಗೆ ಆ ವಯಸ್ಸಿನಲ್ಲಿ ಗೊತ್ತಾಯಿತು.

ಸಂಕ್ರಾಂತಿ ಕಳೆದ ಮೇಲೆ ರಂಗರಾಜು ಬೋರಿನ ನೀರಿಗೆ ಮತ್ತೆ ಕಡಲೆಕಾಯಿ ಬಿತ್ತಿದ. ಹಂದಿಗಳು ಮತ್ತೆ ಬಂದವು. ಉರುಳಿಲ್ಲದೆ ಹಂದಿ ತಡೆಯುವುದು ಹೇಗೆ ಎಂದು ಮಕ್ಕಳಲ್ಲೇ ಚರ್ಚೆಯಾಗಿ, ಮನೆಮನೆಯ ಹಳೇ ಸೀರೆ ತಂದು ಹೊಲದ ಸುತ್ತ ಕಟ್ಟುವುದೆಂದಾಯಿತು. ರಂಗರಾಜು ಬೇಡ ಎನ್ನಲಿಲ್ಲ, ಹ್ಞೂ ಎಂದೂ ಅನ್ನಲಿಲ್ಲ. ಇವರೆಲ್ಲ ಏನು ಹುಡುಕಲು ಬಂದರೋ ಎಂಬ ಅನುಮಾನದಲ್ಲಿ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಸೀರೆಗಳೆಲ್ಲ ಕಟ್ಟಿದಂತೆಯೇ ಇವೆ, ನಡುವಿನ ನಾಲ್ಕು ಸಾಲು ಮಾತ್ರ ಬಗೆದುಹೋಗಿವೆ. ರೇವಂತನ ಮುಖ ಬಾಡಿತು. "ಸೀರೆ ಕಟ್ಟೋಣ ಅಂದೋನು ನಾನೇ," ಎಂದ. ವೇದ ಆಗಲೇ ಸಾಲಿನ ನಡುವೆ ಬಗ್ಗಿ ಗೊರಸಿನ ಗುರುತು ಹಿಡಿದು ಹಿಂದಕ್ಕೆ ನಡೆಯುತ್ತಿದ್ದಳು. ಕೆಲವರು ರಸ್ತೆ ಕಡೆಯಿಂದ ಬಂದಿದೆ ಎಂದರು, ಕೆಲವರು ಕಾಡಿನ ಕಡೆಯಿಂದ ಎಂದರು.

"ಬದು ಹಾರಿ ಬಂದಿರ್ಬೇಕು," ಎಂದ ಚಿಕ್ಕನರಸಯ್ಯ.

"ಹಂದಿ ಹಾರ್ತದೇನಣ್ಣ? ಇಷ್ಟು ವರ್ಸ ಕಾಡಲ್ಲಿ ಏನ್ ನೋಡ್ದೆ ನೀನು?" ಎಂದು ರಂಗರಾಜು ನಿಂತಲ್ಲಿಂದಲೇ ರೇಗಿದ. ಎಷ್ಟೋ ತಿಂಗಳ ಮೇಲೆ ಅವನು ಚಿಕ್ಕನರಸಯ್ಯನೊಂದಿಗೆ ಆಡಿದ ಮೊದಲ ಮಾತು ಅದು. ಆಮೇಲೆ ಕಟ್ಟಿದ್ದ ಕೈ ಬಿಡಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಬದುವಿನಿಂದ ಕೆಳಗಿಳಿದ. "ಅಲ್ಲಲ್ಲ, ಮೂಡ್ಲ ಮೂಲೆ ನೋಡ್ರಿ. ಅಲ್ಲಿ ನೀರು ಕೊರ್ದು ಬದು ತೂತಾಗೈತೆ. ಬಾ ಮಗ, ತೋರಿಸ್ತೀನಿ" ಎಂದು ರೇವಂತನ ಹೆಗಲ ಮೇಲೆ ಕೈ ಹಾಕಿ ಮುಂದೆ ನಡೆದ.